ಆಟಿಕೆಯ ಜೊತೆ ಬಂದ ಕಥೆಗಳು

1969ರ ಫೆಬ್ರುವರಿಯಲ್ಲಿ ಶುರುವಾದ ‘ಪಿಫ್ ಗಾಡ್ಜೆಟ್’ ಎಂಬ ಫ್ರೆಂಚ್ ವಾರಪತ್ರಿಕೆ ಮಕ್ಕಳಿಗೆ ಎರಡು ಮಾತು ಕೊಟ್ಟಿತ್ತು: ಪ್ರತಿ ಸಂಚಿಕೆಯ ಜೊತೆ ಒಂದು ಆಟಿಕೆ, ಮತ್ತು ಅದೇ ಸಂಚಿಕೆಯಲ್ಲಿ ಮುಗಿಯುವ ಚಿತ್ರಕಥೆಗಳು. ಪತ್ರಿಕೆಗೆ ಹೆಸರು ಬಂದದ್ದು ಆಟಿಕೆಯಿಂದ, ತೂಕ ಬಂದದ್ದು ಕಥೆಗಳಿಂದ.

ಇದರ ಬೇರು ನಾತ್ಸಿ ಆಕ್ರಮಣದ ಕಾಲದ ಭೂಗತ ಪತ್ರಿಕೆಯೊಂದರಲ್ಲಿದೆ. 1945ರಲ್ಲಿ ಅದು ‘ವಾಯಾಂ’ ಎಂಬ ಹೆಸರು ತೊಟ್ಟಿತು, ಒಲವು ಕಮ್ಯುನಿಸ್ಟರತ್ತ. ಮುಂದೆ ಪತ್ರಿಕೆಯ ಹೆಸರಿಗೆ ಸೇರಿದ ಪಿಫ್ ಎಂಬ ನಾಯಿ ಹುಟ್ಟಿದ್ದು 1948ರಲ್ಲಿ, ಕಮ್ಯುನಿಸ್ಟ್ ಪಕ್ಷದ ದಿನಪತ್ರಿಕೆ ‘ಲ್ಯುಮಾನಿತೆ’ಯಲ್ಲಿ. ಅದನ್ನು ಬರೆದ ಹೋಸೆ ಕಬ್ರೆರೊ ಅರ್ನಾಲ್ ಸ್ಪೇನಿನಿಂದ ಬಂದ ನಿರಾಶ್ರಿತರು, ಮೌಥೌಸೆನ್ ಯಾತನಾ ಶಿಬಿರದಲ್ಲಿ ಬದುಕುಳಿದವರು. ಅಷ್ಟೆಲ್ಲ ಕಂಡವರ ಕೈಯಿಂದ ಇಷ್ಟು ತುಂಟ ನಾಯಿ ಬಂತಲ್ಲ ಎಂಬುದೇ ಸೋಜಿಗ.

ಓದುಗರನ್ನು ಹಿಡಿದಿಡಲು ಸಂಪಾದಕರು ನೆಚ್ಚುವುದು ಧಾರಾವಾಹಿಯನ್ನು. ಪಿಫ್ ಆ ಆಸರೆಯನ್ನೇ ಬಿಟ್ಟುಕೊಟ್ಟಿತು. ಇಟಲಿಯ ಹ್ಯೂಗೊ ಪ್ರಾಟ್ 1970ರಿಂದ 1973ರವರೆಗೆ ಕೊರ್ತೊ ಮಾಲ್ತೆಸೆ ಎಂಬ ನಾವಿಕನ 21 ಕಥೆಗಳನ್ನು ಇಲ್ಲಿ ಬರೆದರು. ಒಂದೊಂದಕ್ಕೂ 20 ಪುಟ. ಈ ಕಟ್ಟುಪಾಡು ಅವರಿಗೆ ಒಳ್ಳೆಯದನ್ನೇ ಮಾಡಿತು. ದೀರ್ಘ ಕಥೆಯ ಸಾವಧಾನಕ್ಕೆ ಇಲ್ಲಿ ಜಾಗವಿಲ್ಲ. ವಿವರಣೆ ಉದುರಿಹೋಗಿ ಸೂಚನೆ ಉಳಿಯಿತು. ಐರ್ಲೆಂಡಿನ ಬಂಡುಕೋರರ ನಡುವೆ ನಡೆಯುವ ಕಥೆಯಲ್ಲಿ ವೀರನ ಪಟ್ಟ ಯಾರಿಗೆ, ದ್ರೋಹಿಯ ಹಣೆಪಟ್ಟಿ ಯಾರಿಗೆ ಎಂಬುದೇ ತಲೆಕೆಳಗಾಗುತ್ತದೆ. ಮಕ್ಕಳ ಪತ್ರಿಕೆಯೊಂದು ಇಂಥ ಕಥೆಯನ್ನು ತಿಳಿಗೊಳಿಸದೆ ಅಚ್ಚು ಹಾಕಿದ್ದು ಸಣ್ಣ ಧೈರ್ಯವಲ್ಲ.

ಪತ್ರಿಕೆಯ ನಿಜವಾದ ಮನೆಮಗ ಮಾತ್ರ ರಾಹಾನ್. ರೋಜೆ ಲೆಕುರೋ ಕಥೆ, ಆಂದ್ರೆ ಶೆರೆ ಚಿತ್ರ. ಶಿಲಾಯುಗದ ಈ ಅಲೆಮಾರಿಯ ಕೊರಳಲ್ಲಿ ಐದು ಉಗುರುಗಳ ಸರ: ಧೈರ್ಯ, ನಿಷ್ಠೆ, ಔದಾರ್ಯ, ಛಲ, ವಿವೇಕ. ದಂತದ ಚಾಕುವನ್ನು ಗಿರ್ರನೆ ತಿರುಗಿಸಿ, ಮೊನೆ ತೋರಿದ ಕಡೆ ನಡೆದುಬಿಡುತ್ತಾನೆ. ಹೋದಲ್ಲೆಲ್ಲ ಗಾಳಿ, ನೀರು, ಬೆಂಕಿಯನ್ನು ಕಣ್ಣಿಟ್ಟು ನೋಡುತ್ತಾನೆ, ಉಪಾಯ ಹೂಡುತ್ತಾನೆ, ಮಂತ್ರವಾದಿಯ ಬಣ್ಣ ಬಯಲು ಮಾಡುತ್ತಾನೆ. ಶೆರೆಯವರ ರೇಖೆಯಲ್ಲಿ ಆ ಮೈಯ ಜಿಗಿತ, ಉಸಿರು ಎರಡೂ ಕಾಣುತ್ತವೆ. ಆದರೆ ಒಂದು ತಕರಾರು ಉಂಟು. ಸಮುದಾಯದ ಶಕ್ತಿಯನ್ನು ನಂಬುವವರ ಪತ್ರಿಕೆಯಲ್ಲಿ ಬುದ್ಧಿಯೆಲ್ಲ ಹೊಂಗೂದಲಿನ ಒಬ್ಬ ಗಂಡಸಿನ ಪಾಲಿಗೇ ಬಿದ್ದಿದೆ. ಬುಡಕಟ್ಟಿನ ಜನ ಬಹುಪಾಲು ಬೆರಗಾಗಿ ನಿಲ್ಲುವವರು. ಹೆಂಗಸರು ಚೌಕಟ್ಟಿನ ಅಂಚಿನಲ್ಲಿ.

ಆಟಿಕೆಗಳಲ್ಲಿ ಎಷ್ಟೋ ಬರಿಯ ಪ್ಲಾಸ್ಟಿಕ್ ತಮಾಷೆಗಳು. ಒಳ್ಳೆಯವು ಮಾತ್ರ ರಾಹಾನನ ಪಾಠವನ್ನೇ ಓದುಗನ ಅಂಗೈಗೆ ತಂದವು. 1970ರಲ್ಲಿ ಒಂದು ಚಿಟಿಕೆ ಪುಡಿಯ ಪೊಟ್ಟಣ ಬಂತು. ಉಪ್ಪುನೀರಿಗೆ ಹಾಕಿದರೆ ಮೊಟ್ಟೆಯೊಡೆದು ಸೀಗಡಿಯಂಥ ಸಣ್ಣ ಜೀವಿಗಳು ಈಜುತ್ತಿದ್ದವು. ಆ ಸಂಚಿಕೆ ಸುಮಾರು 10 ಲಕ್ಷ ಪ್ರತಿ ಹೋಯಿತು. ನೀನೇ ಮಾಡಿ ನೋಡು ಎನ್ನುವ ಕಥೆಗೂ ಮಾಡಿ ನೋಡಬಹುದಾದ ಆಟಿಕೆಗೂ ಅಂದು ತಾಳೆಯಾಗಿತ್ತು.

1993ರಲ್ಲಿ ಪತ್ರಿಕೆ ನಿಂತಿತು. 2004ರಲ್ಲಿ ಮತ್ತೆ ಹೊರಟರೂ ಬಹಳ ಕಾಲ ಬಾಳಲಿಲ್ಲ. ಆಟಿಕೆ ಅಂಟಿಸಿ ಮಾರುವ ಉಪಾಯ ಯಾವ ಪ್ರಕಾಶಕನಿಗೂ ಸಿಗುವಂಥದ್ದೇ. ಮಕ್ಕಳನ್ನು ದಡ್ಡರೆಂದುಕೊಳ್ಳದೆ 20 ಪುಟದಲ್ಲಿ ಕಥೆ ಮುಗಿಸಲು ಪ್ರಾಟ್‌ರಂಥವರು ಬೇಕು, ಅವರನ್ನು ನಂಬಿ ಪುಟ ಬಿಟ್ಟುಕೊಡುವ ಸಂಪಾದಕರೂ ಬೇಕು. ಪಿಫ್‌ನ ಹಿರಿಮೆಯನ್ನು ಅಳೆಯಬೇಕಾದದ್ದು ಅಲ್ಲಿ.