ಮಾಡಿಸಿದವರು ಮತ್ತು ಕಂಡರಿಸಿದವರು

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದೆಡೆಯ ಕನ್ನಡ ಶಾಸನದಲ್ಲಿ ಚಾವುಂಡರಾಯನ ಹೆಸರಿನೊಡನೆ ಬಂದಿರುವ ಕ್ರಿಯಾಪದ ‘ಮಾಡಿಸಿದಂ’ ಎಂಬುದು, ‘ಮಾಡಿದಂ’ ಎಂಬುದಲ್ಲ. ಸುತ್ತಾಲಯದ ವಿಷಯವಾಗಿ ಗಂಗರಾಜನನ್ನು ಕುರಿತ ಶಾಸನದಲ್ಲಿಯೂ ಅದೇ ಪ್ರೇರಣಾರ್ಥಕ ರೂಪವಿದೆ. 58 ಅಡಿಯ ಆ ಏಕಶಿಲೆಯಲ್ಲಿ ಮಂದಸ್ಮಿತವನ್ನು ಅರಳಿಸಿದ ಕೈ ಯಾರದೆಂಬುದನ್ನು ಪಾದದ ಶಾಸನಗಳು ತಿಳಿಸುವುದಿಲ್ಲ.

ಆದರೆ ಇದನ್ನೇ ಪರಂಪರೆಯೆಂದು ಭಾವಿಸುವುದು ತಪ್ಪಾದೀತು. ಅದೇ ಕ್ಷೇತ್ರದ ಹನ್ನೆರಡನೆಯ ಶತಮಾನದ ಕೆಲವು ಶಾಸನಗಳ ಕೊನೆಯಲ್ಲಿ ವರ್ಧಮಾನಾಚಾರಿ, ಗಂಗಾಚಾರಿ ಎಂಬ ಹೆಸರುಗಳು ‘ರೂವಾರಿ ಮುಖತಿಲಕ’ ಎಂಬ ಬಿರುದಿನೊಡನೆ ಬರುತ್ತವೆ. ಅಲ್ಲಿನ ಕ್ರಿಯಾಪದ ‘ಕಂಡರಿಸಿದಂ’. ಮೈಸೂರು ವಿಶ್ವವಿದ್ಯಾನಿಲಯವು 1973ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವನ್ನು ತೆರೆದವರಿಗೆ ಈ ಹೆಸರುಗಳು ಕಾಣಸಿಗುತ್ತವೆ.

ಗೊಮ್ಮಟನ ಶಿಲ್ಪಿಯನ್ನು ಕುರಿತ ಜನಪ್ರಿಯ ಕಥೆಯೊಂದುಂಟು. ಕೆತ್ತಿ ತೆಗೆದ ಕಲ್ಲಿನ ತೂಕಕ್ಕೆ ಸಮನಾದ ಚಿನ್ನವನ್ನು ಚಾವುಂಡರಾಯನು ಕೊಟ್ಟನಂತೆ. ಆಸೆಯಿಂದ ಮುಟ್ಟಿದ ಶಿಲ್ಪಿಯ ಕೈ ಆ ಚಿನ್ನಕ್ಕೇ ಅಂಟಿಕೊಂಡಿತಂತೆ. ತಾಯಿಯ ಮಾತಿನಿಂದ ವಿವೇಕ ಮೂಡಿ ಅವನು ಫಲಾಪೇಕ್ಷೆಯಿಲ್ಲದೆ ಕೆಲಸ ಮುಗಿಸಿದನಂತೆ. ಪ್ರವಚನಗಳಲ್ಲಿ ಈ ಕಥೆಯ ಉತ್ತರಾರ್ಧಕ್ಕೇ ಒತ್ತು. ಪೂರ್ವಾರ್ಧವೂ ಅಷ್ಟೇ ವಿಚಾರಣೀಯ. ಚಾವುಂಡರಾಯನು ತೂಗಿ ಕೊಡಲು ಸಿದ್ಧನಿದ್ದನು. ತ್ಯಾಗ ಶಿಲ್ಪಿಯ ಸ್ವಂತ ನಿರ್ಧಾರವೇ ಹೊರತು ಯಜಮಾನನು ವಿಧಿಸಿದ ಷರತ್ತಲ್ಲ. ‘ದೇವರ ಕೆಲಸ, ಸೇವೆಯೆಂದು ಮಾಡಿಕೊಡಿ’ ಎಂದು ದರ ಇಳಿಸುವವರು ಈ ಕಥೆಯ ಆಶ್ರಯ ಪಡೆಯಲಾರರು.

ಆದಿನಾಥನು ಜನರಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ. ಇವೆಲ್ಲ ಜೀವನೋಪಾಯಗಳು. ಶಿಲ್ಪವು ವಾಣಿಜ್ಯದ ಮಗ್ಗುಲಲ್ಲಿಯೇ ನಿಂತಿದೆ. ವರ್ತಕನ ಲಾಭ ನ್ಯಾಯವಾದರೆ ಶಿಲ್ಪಿಯ ಪ್ರತಿಫಲ ಹೇಗೆ ಲೋಭವಾದೀತು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ವ್ಯಾಖ್ಯಾನಕಾರರು ಇವನ್ನು ಹೆಚ್ಚಾಗಿ ಪಶುಗಳಿಗೂ ಆಶ್ರಿತರಿಗೂ ಅನ್ವಯಿಸಿರುವುದು ನಿಜ. ಆದರೂ ಪ್ರತಿಷ್ಠಾ ಮುಹೂರ್ತದ ನೆಪದಲ್ಲಿ ಹಗಲಿರುಳು ದುಡಿಸಿ, ಕಲಶ ಇಳಿದ ಮೇಲೆ ಬಾಕಿಗಾಗಿ ಅಲೆಸುವುದು ಈ ಎರಡರಿಂದ ಎಷ್ಟು ದೂರ?

ಕಲಾವಿದರಿಗೂ ವ್ಯವಹಾರಜ್ಞಾನ ಬೇಕು. ಮೈಸೂರಿನ ಅರುಣ್ ಯೋಗಿರಾಜ್ ಐದು ತಲೆಮಾರಿನ ಶಿಲ್ಪಿಗಳ ಮನೆಯವರು. ಎಂ.ಬಿ.ಎ. ಪದವಿ ಪಡೆದು ಖಾಸಗಿ ಸಂಸ್ಥೆಯಲ್ಲಿ ದುಡಿದು, 2008ರಲ್ಲಿ ಉಳಿ ಹಿಡಿಯಲು ಮರಳಿದರು. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪಿತವಾದ 51 ಅಂಗುಲದ ಬಾಲರಾಮನ ಮೂರ್ತಿ ಅವರ ಕೃತಿ; ಕೆತ್ತಿದವರ ಹೆಸರನ್ನು ದೇಶವೇ ಬಲ್ಲದು. ಒಲವಿಗಾಗಿ ಸಂಬಳ ಬಿಡುವ ಇಂಥ ಧೈರ್ಯ ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಅದು ಸಾಧ್ಯವಾಗುವುದು ಮಾಡಿಸುವವರ ಒಪ್ಪಂದದ ಮೇಲೆಯೂ ನಿಂತಿದೆ.

ಆದ್ದರಿಂದ ಬಸದಿಯ ಟ್ರಸ್ಟುಗಳು ಜಿನಬಿಂಬಕ್ಕೆ ಮುಂಗಡ ಕೊಡುವಾಗ ಇತ್ಯರ್ಥವಾಗಬೇಕಾದ ಸಂಗತಿಗಳು ಕೆಲವಿವೆ. ಹಂತಹಂತದ ಹಣಪಾವತಿ, ದಾನಿಗಳ ಫಲಕದಲ್ಲಿ ಶಿಲ್ಪಿಗೊಂದು ಸಾಲು, ಮುಖ್ಯವಾಗಿ ಕಲ್ಲಿನ ದೋಷದ ಪ್ರಶ್ನೆ. ಮುಖ ಮೂಡುವ ಹೊತ್ತಿಗೆ ಕಲ್ಲಿನೊಳಗೆ ಬಿರುಕು ಕಂಡರೆ ಹೊಸ ಕಲ್ಲನ್ನು ತರಬೇಕು, ತಿಂಗಳುಗಳ ಶ್ರಮ ವ್ಯರ್ಥ. ಆ ನಷ್ಟ ಯಾರದೆಂಬುದನ್ನು ಉಳಿ ತಾಗುವ ಮೊದಲೇ ಬರೆದಿಡಬೇಕಾಗುತ್ತದೆ.