ಒದ್ದೆ ಮರ, ಓಡುವ ಯಂತ್ರ

ಕಂಬವನ್ನೋ ಅಡಿಕೆ ಮರವನ್ನೋ ಏರುವ ಪುಟ್ಟ ರೋಬೋಟ್ ಕಟ್ಟಲು ಹೊರಟವರು ಮೊದಲು ಹುಡುಕುವುದು ಜೋರಾದ ಮೋಟಾರನ್ನು. ನನ್ನ ಲೆಕ್ಕದಲ್ಲಿ ಅದು ಕೊನೆಯಲ್ಲಿ ಹುಡುಕಬೇಕಾದ ಸಾಮಾನು. ಐದು ಕಿಲೋ ತೂಗುವ ಯಂತ್ರ ಸೆಕೆಂಡಿಗೆ ಅರ್ಧ ಮೀಟರ್ ಏರಲು ಸುಮಾರು 25 ವಾಟ್ ಸಾಕು. ಗೇರುಗಳಲ್ಲಿ ಅರ್ಧಕ್ಕರ್ಧ ಸೋರಿದರೂ 50 ವಾಟ್. ಅಷ್ಟನ್ನು ಸಣ್ಣ ಬ್ಯಾಟರಿಯೂ ಕೊಟ್ಟೀತು. ಕಷ್ಟವಿರುವುದು ಹಿಡಿತದಲ್ಲಿ. ಅಮೆರಿಕದ ರೈಸ್ ವಿ3 ಎಂಬ ನಾಲ್ಕು ಕಾಲಿನ ರೋಬೋಟ್ 2009ರ ಹೊತ್ತಿಗೇ ಮರದ ಟೆಲಿಫೋನ್ ಕಂಬವನ್ನು ಸೆಕೆಂಡಿಗೆ 21 ಸೆಂಟಿಮೀಟರ್ ವೇಗದಲ್ಲಿ ಹತ್ತಿತ್ತು, ಆದರೆ ಉಗುರು ಊರಿ. ಫಸಲು ಕೊಡುವ ಅಡಿಕೆ ಮರಕ್ಕೆ ಮತ್ತೆ ಮತ್ತೆ ಉಗುರು ಚುಚ್ಚಲು ಯಾವ ತೋಟದವರು ಒಪ್ಪುತ್ತಾರೆ?

ಭಾಗಮಂಡಲದಿಂದ ಘಟ್ಟವಿಳಿದು ಪಾಣತ್ತೂರಿನ ಕಡೆಗೆ ಸಾಗುವ ದಾರಿಯ ಕರಿಕೆಯನ್ನೇ ಪರೀಕ್ಷೆಯ ಅಂಗಳವೆಂದುಕೊಳ್ಳಿ. ಇಳಿಜಾರು ತೋಟ, ಬಿಡದ ಮಳೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಮುಂಗಾರಿನ ಹೊಸ್ತಿಲಲ್ಲಿ ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಹೊಡೆಯಬೇಕು; ಎಂದರೆ ಮರ ಪಾಚಿಗಟ್ಟಿ ಜಾರುವ ಕಾಲದಲ್ಲೇ ಯಂತ್ರಕ್ಕೆ ಕೆಲಸ. ಸ್ಪ್ರಿಂಗ್ ಬಿಗಿ ಮಾಡಿದರಾಯಿತು ಎನ್ನುವವರಿದ್ದಾರೆ. ಬಿಗಿದಷ್ಟೂ ಚಕ್ರ ತಿರುಗಲು ಹೆಣಗುತ್ತದೆ, ಮೇಲೆ ಹೋದಂತೆ ಕಾಂಡ ಸಪೂರವಾಗಿ ಆ ಬಿಗಿಯೂ ಸಡಿಲುತ್ತದೆ. ಇದಕ್ಕಿಂತ ಜಾಣ ದಾರಿ, ಯಂತ್ರದ ಭಾರವನ್ನೇ ಹಿಡಿತವಾಗಿಸುವುದು. ಮೇಲಿನ ಚಕ್ರ ಮರದ ಆಚೆ, ಕೆಳಗಿನದು ಈಚೆ, ಬ್ಯಾಟರಿ ಈಚೆಗೇ ದೂರಕ್ಕೆ ಚಾಚಿ ನಿಂತಿರಲಿ. ತೂಕ ಕೆಳಗೆಳೆದಂತೆಲ್ಲ ಎರಡೂ ಚಕ್ರ ಮರವನ್ನು ಒತ್ತುತ್ತವೆ. ಇದರ ಗಣಿತದಲ್ಲಿ ನನಗೆ ಬಲು ಇಷ್ಟವಾದದ್ದೊಂದಿದೆ: ತೂಕ ಸಮೀಕರಣದ ಎರಡು ಬದಿಯಲ್ಲೂ ಬಂದು ಹೊಡೆದುಹೋಗುತ್ತದೆ. ಉಳಿಯುವುದು ಘರ್ಷಣೆ ಮತ್ತು ಚಾಚಿನ ಉದ್ದ. ಘರ್ಷಣಾಂಕ 0.5 ಇದ್ದರೆ ಚಾಚು ಚಕ್ರಗಳ ನಡುವಿನ ಎತ್ತರದಷ್ಟಿದ್ದರೆ ಸಾಕು, ಒದ್ದೆಯಾಗಿ 0.25ಕ್ಕೆ ಇಳಿದರೆ ಅದರ ಇಮ್ಮಡಿ ಬೇಕು. ಒಣ ಪೈಪಿನ ಮೇಲೆ ಗೆದ್ದ ಮಾದರಿ ಜುಲೈಯಲ್ಲಿ ಜಾರುವುದೇಕೆ ಎಂಬುದಕ್ಕೆ ಇಷ್ಟೇ ಕಾರಣ.

ಇನ್ನು ವೇಗ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಪೆಟ್ರೋಲ್ ಯಂತ್ರ 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಸುಮಾರು 28 ಕಿಲೋದ ಆ ಯಂತ್ರದಲ್ಲಿ ಮನುಷ್ಯನೇ ಕೂತು ಸರ್ರನೆ ಮೇಲೇರುತ್ತಾನೆ. ಏರಿದ್ದು ಎಲ್ಲರ ಕಣ್ಣಿಗೆ ಬಿತ್ತು, ಬಿಚ್ಚಿ ಮುಂದಿನ ಮರಕ್ಕೆ ಕಟ್ಟುವುದು ಯಾರಿಗೆ ಬೇಕು! ಹದಿನೈದು ಮೀಟರಿನ ಮರವನ್ನು ರೋಬೋಟ್ ಅರ್ಧ ನಿಮಿಷಕ್ಕೆ ಏರಿ ಅರ್ಧ ನಿಮಿಷಕ್ಕೆ ಇಳಿಯಿತೆನ್ನಿ, ಬಿಚ್ಚಿ ಕಟ್ಟಲು ಎರಡು ನಿಮಿಷ ಹಿಡಿಯಿತೆನ್ನಿ. ಏರುವ ವೇಗ ಇಮ್ಮಡಿಯಾದರೆ ಉಳಿತಾಯ 15 ಸೆಕೆಂಡ್. ಕಟ್ಟುವ ಹೊತ್ತು ಅರ್ಧವಾದರೆ ಪೂರಾ ಒಂದು ನಿಮಿಷ. ನುರಿತ ಕೊನೆಗಾರ ತುದಿಯಲ್ಲೇ ಮರವನ್ನು ತೂಗಿ ಪಕ್ಕದ ಮರ ಹಿಡಿಯುತ್ತಾನೆ, ಪ್ರತಿ ಮರಕ್ಕೂ ನೆಲ ಮುಟ್ಟುವುದಿಲ್ಲ. ಅವನ ವೇಗದ ಗುಟ್ಟು ಅಲ್ಲಿದೆ. ರೋಬೋಟ್ ಪ್ರತಿ ಸಲ ಇಳಿಯಲೇಬೇಕಾದ್ದರಿಂದ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿ, ಒಂದೇ ಕೊಕ್ಕೆಯಲ್ಲಿ ತೆರೆದು ಮುಚ್ಚುವಂತಿರಬೇಕು.

ಕಾರ್ಬನ್ ಫೈಬರ್ ದೋಟಿ ಬಂದಮೇಲೆ ಇದೆಲ್ಲ ಯಾಕೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ನೆಲದಲ್ಲೇ ನಿಂತು ಕೊಯ್ಯಬಹುದು, ಮದ್ದೂ ಬಿಡಬಹುದು. ಬಿಚ್ಚಿ ಕಟ್ಟುವ ಗೋಜಿಲ್ಲ. ಗಿಡ್ಡ ಮರಗಳ ತೋಟದವರು ರೋಬೋಟಿಗೆ ಹಣ ಸುರಿಯುವುದು ದಂಡ. ಆದರೆ ಉದ್ದನೆಯ ದೋಟಿಯನ್ನು ಇಳಿಜಾರಿನ ಕೆಸರಿನಲ್ಲಿ ನೆಟ್ಟಗೆ ಹಿಡಿಯಲು ತೋಳಿನ ಕಸುವು ಬೇಕು, ದಿನವಿಡೀ ಕತ್ತೆತ್ತಿ ನೋಡುವ ಕಷ್ಟ ಬೇರೆ. ಹಳೆಯ, ಎತ್ತರದ ಮರಗಳಲ್ಲಿ ಯಂತ್ರಕ್ಕೆ ಇನ್ನೂ ಜಾಗವಿದೆ. ಎಂಜಿನಿಯರಿಂಗ್ ಕಾಲೇಜುಗಳು ಸ್ಪರ್ಧೆ ಇಡುವುದಾದರೆ ಒಂದೇ ಒಣ ಕಂಬ ನಿಲ್ಲಿಸಿ ಗಡಿಯಾರ ಒತ್ತುವುದು ಬೇಡ. ನೀರೆರಚಿದ ಐದು ಅಡಿಕೆ ಮರ ಕೊಡಲಿ. ಮೊದಲ ಮರಕ್ಕೆ ಕಟ್ಟಿದಲ್ಲಿಂದ ಐದನೆಯದರಿಂದ ಬಿಚ್ಚುವವರೆಗೂ ಗಡಿಯಾರ ಓಡುತ್ತಿರಲಿ.