ನಿಖರತೆಗೆ ಸಾಕ್ಷಿ ಯಾರು?

ಸ್ಟುಡಿಯೋ ಹೆಡ್‌ಫೋನ್ ಕೊಳ್ಳಹೊರಟವರು ಈಗ ಮೊದಲು ಓದುವುದು ಬಳಕೆದಾರರ ಅಭಿಪ್ರಾಯಗಳನ್ನು. ಸೋನಿಯ ಎಂಡಿಆರ್-7506, ಆಡಿಯೋ-ಟೆಕ್ನಿಕಾದ ಎಂ50ಎಕ್ಸ್, ಬೇಯರ್‌ಡೈನಾಮಿಕ್‌ನ ಡಿಟಿ 770 ಇವೆಲ್ಲ ಇದ್ದದ್ದನ್ನು ಇದ್ದ ಹಾಗೇ ಕೇಳಿಸುತ್ತವೆ ಎಂಬ ಹೆಸರು ಹಬ್ಬಿರುವುದರಲ್ಲಿ ಆ ಅಭಿಪ್ರಾಯಗಳ ಪಾಲು ದೊಡ್ಡದು. ಹೆಡ್‌ಫೋನ್‌ಗಳ ಬಗ್ಗೆ ನನ್ನ ತಕರಾರಿಲ್ಲ. 1991ರಲ್ಲಿ ಬಂದ 7506 ಇಂದಿಗೂ ಸ್ಟುಡಿಯೋಗಳಲ್ಲಿ ದುಡಿಯುತ್ತಿದೆ. ತಕರಾರಿರುವುದು ಆ ಹೆಸರಿಗೆ ಕೊಡುವ ಆಧಾರದ ಬಗ್ಗೆ. ನಿಖರತೆಯ ಪ್ರಶ್ನೆಯಲ್ಲಿ ಈ ಅಭಿಪ್ರಾಯಗಳನ್ನು ಸಾಕ್ಷಿಯೆಂದು ಒಪ್ಪಲು ಸಾಧ್ಯವಿಲ್ಲ.

ಹೊಗಳಿಕೆಯ ಒಂದು ಮಾತು ಎಲ್ಲೆಲ್ಲೂ ಸಿಗುತ್ತದೆ: ಎಷ್ಟೋ ಸಲ ಕೇಳಿದ ಹಾಡಿನಲ್ಲಿ ಹಿಂದೆಂದೂ ಕೇಳದ ಸದ್ದು ಕೇಳಿಸಿತು ಎಂಬುದು. ಗಾಯಕಿಯ ಉಸಿರು, ತಂಬೂರಿಯ ಜವಾರಿ, ತಬಲಾದ ಅಂಚಿಗೆ ಬೆರಳು ತಾಕಿದ ಕ್ಷಣ. ಬರೆದವರು ಇದನ್ನೇ ನಿಖರತೆಯ ಪುರಾವೆ ಎಂದುಕೊಳ್ಳುತ್ತಾರೆ. ಆದರೆ ಈ ಸೂಕ್ಷ್ಮಗಳ ಹೊಳಪೆಲ್ಲ ಇರುವುದು ಮೇಲಿನ ಕಂಪನಾಂಕಗಳಲ್ಲಿ. ಎಂಟು-ಹತ್ತು ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲವು ಡೆಸಿಬೆಲ್ ಹೆಚ್ಚಿಸಿದರೆ ಸಾಕು, ಉಸಿರು ಮುಂದಕ್ಕೆ ಬಂದು ನಿಲ್ಲುತ್ತದೆ. ಮುದ್ರಣ ಮಾಡಿದವರು ಅದನ್ನು ಬೇಕೆಂದೇ ಹಿಂದೆ ಇಟ್ಟಿದ್ದರೆ, ಕೇಳುಗನ ಕಿವಿಗೆ ಬಿದ್ದದ್ದು ವಿರೂಪ. ಹಳೆಯ ಹೆಡ್‌ಫೋನ್ ಅಡಗಿಸುತ್ತಿತ್ತೋ, ಹೊಸದು ಉಬ್ಬಿಸುತ್ತಿದೆಯೋ? ಆ ಒಂದು ವಾಕ್ಯದಿಂದ ಹೇಳಲು ಬರುವುದಿಲ್ಲ. ಮೂಲ ಹೇಗಿತ್ತೆಂದು ತಿಳಿಯಲು ಹಾಡು ಮುದ್ರಣವಾದ ಸ್ಟುಡಿಯೋದ ಸ್ಪೀಕರುಗಳ ಮುಂದೆ ಕೂತಿರಬೇಕಿತ್ತು. ಧ್ವನಿತಜ್ಞ ಫ್ಲಾಯ್ಡ್ ಟೂಲ್ ಬಹುಕಾಲದಿಂದ ಎತ್ತಿ ತೋರಿಸುತ್ತ ಬಂದ ಸಿಕ್ಕು ಇದೇ: ಮುದ್ರಣವನ್ನು ಸ್ಪೀಕರಿನಿಂದ ಅಳೆಯುತ್ತೇವೆ, ಸ್ಪೀಕರನ್ನು ಮುದ್ರಣದಿಂದ.

‘ಬಾಸ್ ಇಲ್ಲ’ ಎಂಬ ದೂರಿನ ಪಾಡೂ ಅಷ್ಟೇ. ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. 250 ಓಮ್‌ನದನ್ನು ನೇರ ಮೊಬೈಲಿಗೆ ಸಿಕ್ಕಿಸಿದರೆ ಸದ್ದು ಸಣ್ಣದಾಗುತ್ತದೆ. ಸದ್ದು ಸಣ್ಣದಾದರೆ ಕಿವಿಗೆ ಬಾಸ್ ಇನ್ನಷ್ಟು ಕಡಿಮೆ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಕನ್ನಡಕದ ಕಡ್ಡಿ ಮೆತ್ತೆಯನ್ನು ಕೊಂಚ ಎತ್ತಿದರೂ ಬಾಸ್ ಸೋರಿಹೋಗುತ್ತದೆ. ಬರೆದವರ ಬಳಿ ಯಾವುದಿತ್ತು, ಯಾವುದಕ್ಕೆ ಸಿಕ್ಕಿಸಿದ್ದರು, ಕನ್ನಡಕ ಇತ್ತೇ ಎಂಬುದು ಬರಹದಲ್ಲಿ ಇರುವುದೇ ಅಪರೂಪ.

ಇಂಥ ವಿವರಗಳ ದಾಖಲೆ ಏಕೆ ಬೇಕೆಂಬುದಕ್ಕೆ ಬೇರೊಂದು ಕ್ಷೇತ್ರದ ಉದಾಹರಣೆ ನೋಡಿ. ಅಹಮದಾಬಾದಿನ ನವರಂಗಪುರದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವಿದೆ. ವಿಕ್ರಮ್ ಸಾರಾಭಾಯಿ 1947ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಉಡುಪಿ ಸೀಮೆಯ ಅದಮಾರಿನವರಾದ ಯು. ಆರ್. ರಾವ್ ಅಲ್ಲಿ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದರು. ವಾತಾವರಣದ ಒತ್ತಡ ಏರಿದರೆ ನೆಲದ ಮೇಲಿನ ಉಪಕರಣದಲ್ಲಿ ಈ ಕಿರಣಗಳ ಎಣಿಕೆ ಇಳಿಯುತ್ತದೆ. ಒತ್ತಡವನ್ನು ಬರೆದಿಟ್ಟು, ಅದರ ಪಾಲನ್ನು ಲೆಕ್ಕದಿಂದ ತೆಗೆದ ಮೇಲಷ್ಟೇ ಉಳಿದ ಏರಿಳಿತದಲ್ಲಿ ಸೂರ್ಯನ ಪ್ರಭಾವ ಹುಡುಕಬಹುದು. ಹೆಡ್‌ಫೋನ್ ಅಭಿಪ್ರಾಯಗಳಲ್ಲಿ ಎಣಿಕೆ ಇದೆ, ಒತ್ತಡದ ದಾಖಲೆಯಿಲ್ಲ. ಆಮೇಲೆ ತಿದ್ದಿಕೊಳ್ಳೋಣವೆಂದರೂ ಆಗುವುದಿಲ್ಲ.

ಒಬ್ಬ ತಪ್ಪಬಹುದು, ಸಾವಿರಾರು ಮಂದಿ ಸೇರಿದರೆ ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ ಎಂದು ವಾದಿಸುವ ವಿಮರ್ಶಕರಿದ್ದಾರೆ. ಈ ವಾದ ಜಾಣತನದ್ದೆಂದು ಹೆಸರಾಗಿರುವುದರಿಂದಲೇ ಇದನ್ನು ಬಿಡಿಸಿ ನೋಡಬೇಕು. ದಿಕ್ಕಿಲ್ಲದ ತಪ್ಪುಗಳು ಕಳೆಯುತ್ತವೆ, ನಿಜ. ಎಲ್ಲರೂ ಒಂದೇ ಕಡೆಗೆ ವಾಲಿದರೆ ಏನೂ ಕಳೆಯುವುದಿಲ್ಲ. ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೇಳುಗರು ಅದೇ ಸ್ಪೀಕರುಗಳನ್ನು ಒಮ್ಮೆ ಕಾಣದೆ, ಒಮ್ಮೆ ಕಂಡು ಕೇಳಿದರು. ಕಣ್ಣಿಗೆ ಬಿದ್ದೊಡನೆ ಅಂಕಗಳು ಬದಲಾದವು. ಹೆಡ್‌ಫೋನ್ ಕೊಂಡವರು ಅದರ ಹೆಸರು, ಬೆಲೆ, ಮುಂಚೆ ಕೊಂಡವರ ತೀರ್ಪು ಎಲ್ಲವನ್ನೂ ತಿಳಿದೇ ಕಿವಿಗಿಟ್ಟುಕೊಳ್ಳುತ್ತಾರೆ. ಬೆಲೆಯನ್ನು ನಂಬಿದರೂ ಪ್ರಯೋಜನವಿಲ್ಲ: ಯೆರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದಾಗ ಬೆಲೆಗೂ ಕಂಪನಾಂಕಗಳ ಸಮತೋಲಕ್ಕೂ ಸಂಬಂಧ ಸಿಗಲಿಲ್ಲ. ಮಂದಿ ಹೆಚ್ಚಾದಷ್ಟೂ ಅದೇ ವಾಲುವಿಕೆ ಗಟ್ಟಿಯಾಗುತ್ತದೆ, ಮತ್ತು ಮುಂದಿನವನು ಅದನ್ನು ಓದಿ ಬರೆಯುತ್ತಾನೆ.

ಹೆಡ್‌ಫೋನಿನ ಕಂಪನಾಂಕಗಳನ್ನು ಅಳೆದು ಬಿಡಿಸಿದ ಗ್ರಾಫ್ ಒಂದೇ ಸಾಕು ಎನ್ನುವವರನ್ನೂ ನಾನು ಪೂರ್ತಿ ಒಪ್ಪಲಾರೆ. ಹೆಡ್‌ಫೋನ್ ಹೇಗೆ ಕೇಳಿಸಬೇಕೆಂಬುದಕ್ಕೆ ಅವರು ಆಧಾರವಾಗಿ ಹಿಡಿಯುವ ಹರ್ಮನ್ ರೇಖೆಯನ್ನು ರೂಪಿಸುವಾಗ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರ ಇಷ್ಟವನ್ನೇ ಅಳೆದರು. ಆದರೂ ಗ್ರಾಫಿನ ಜೊತೆ ಅಳತೆಯ ವಿಧಾನ ಇರುತ್ತದೆ. ಇನ್ನೊಬ್ಬರು ಅಳೆದು ಅಲ್ಲಗಳೆಯಬಹುದು. ನಾನು ಅವರ ಕಡೆ ವಾಲುವುದು ಇದಕ್ಕೇ.

ಬಳಕೆದಾರರ ಮಾತಿಗೆ ತೂಕವಿರುವ ಜಾಗ ಬೇರೆ ಇದೆ: ಮೆತ್ತೆಯ ಸಿಪ್ಪೆ ಎಷ್ಟು ಬೇಗ ಏಳುತ್ತದೆ, ತಲೆಯನ್ನು ಎಷ್ಟು ಬಿಗಿಯುತ್ತದೆ, ವೈರ್ ಬಾಳುತ್ತದೆಯೇ. ಹಳೆಯ ಎಂ50ರ ವೈರ್ ಕಳಚಲು ಬರುತ್ತಿರಲಿಲ್ಲ; 2014ರ ಎಂ50ಎಕ್ಸ್‌ನಲ್ಲಿ ಬರುತ್ತದೆ. ವೈರ್ ತುಂಡಾಯಿತೆಂದು ಹೇಳಲು ಯಾರೂ ಮೂಲ ಧ್ವನಿಯನ್ನು ಕೇಳಿರಬೇಕಿಲ್ಲ. ಅಂಥ ದೂರುಗಳನ್ನು ನಾನು ಒಂದೂ ಬಿಡದೆ ಓದುತ್ತೇನೆ, ನಂಬುತ್ತೇನೆ.